ಗೌರಿ, ಗಣೇಶ ಒಂದೇ ದಿನ. ಜ್ಯೇಷ್ಠ ಮಾತ್ರ ಎರಡು ಸಲ: ಹಬ್ಬದ ತಾರೀಖು ಗೊತ್ತಾಗುವುದು ಹೇಗೆ?

2026ರ ಕ್ಯಾಲೆಂಡರನ್ನು ಒಮ್ಮೆ ತಿರುವಿ ನೋಡಿ. ಯುಗಾದಿ ಮಾರ್ಚ್ 19ಕ್ಕೇ ಬಂದಿದೆ. ಹಿಂದಿನ ವರ್ಷ ಅದು ಮಾರ್ಚ್ 30ಕ್ಕಿತ್ತು. ಅಂದರೆ 11 ದಿನ ಮುಂಚೆ. ಹಾಗಾದರೆ ಚೌತಿಯೂ 11 ದಿನ ಮುಂಚೆ ಬರಬೇಕಿತ್ತು ಅಲ್ವಾ? ಇಲ್ಲ. 2025ರಲ್ಲಿ ಆಗಸ್ಟ್ 27ಕ್ಕಿದ್ದ ಗಣೇಶನ ಹಬ್ಬ 2026ರಲ್ಲಿ ಸೆಪ್ಟೆಂಬರ್ 14ಕ್ಕೆ, 18 ದಿನ ತಡವಾಗಿ. ನಡುವೆ ಜ್ಯೇಷ್ಠ ಮಾಸ ಎರಡು ಸಲ ಬಂದು ಕೂತಿದೆ. ಇಷ್ಟು ಸಾಲದು ಅಂತ ಗೌರಿ, ಗಣೇಶ ಎರಡೂ ಒಂದೇ ದಿನ.

ಇಂಥ ವರ್ಷಗಳಲ್ಲಿ ಮನೆಮನೆಯ ವಾಟ್ಸಾಪ್ ಗುಂಪಿನಲ್ಲೂ ಅದೇ ಚರ್ಚೆ. ಅತ್ತೆಮನೆಯಲ್ಲಿ ಒಂದು ದಿನ, ತವರಿನಲ್ಲಿ ಇನ್ನೊಂದು ದಿನ. ಯಾರೋ ತಪ್ಪು ಲೆಕ್ಕ ಹಾಕಿದ್ದಾರೆ ಅನ್ನುವುದು ಮೊದಲ ಅನುಮಾನ. ಬಹಳ ಸಲ ಯಾರದ್ದೂ ತಪ್ಪಿರುವುದಿಲ್ಲ. ಯಾಕೆ ಅಂತ ತಿಳಿಯಲು ತಿಥಿಯಿಂದ ಶುರುಮಾಡಬೇಕು.

ತಿಥಿಗೂ ಗಡಿಯಾರಕ್ಕೂ ಸಂಬಂಧವಿಲ್ಲ

ದೇವಸ್ಥಾನದಲ್ಲಿ ಅಜ್ಜಿ ಮತ್ತು ಮೊಮ್ಮಗ ಪ್ರದಕ್ಷಿಣೆ ಹಾಕುತ್ತಿದ್ದಾರೆ ಅಂದುಕೊಳ್ಳಿ. ಅಜ್ಜಿ ನಿಧಾನ. ಮೊಮ್ಮಗ ಓಡುತ್ತಾನೆ. ಇಬ್ಬರೂ ಒಟ್ಟಿಗೆ ಹೊರಟರೂ ಅವನು ಮುಂದೆ ಹೋಗಿ, ಒಂದು ಸುತ್ತು ಮುಗಿಸಿ, ಹಿಂದಿನಿಂದ ಬಂದು ಮತ್ತೆ ಅಜ್ಜಿಯನ್ನು ಸೇರುತ್ತಾನೆ. ಆಕಾಶದಲ್ಲಿ ಸೂರ್ಯ ಅಜ್ಜಿ, ಚಂದ್ರ ಮೊಮ್ಮಗ. ನಮಗೆ ಕಾಣುವಂತೆ ಸೂರ್ಯ ದಿನಕ್ಕೆ ಸುಮಾರು 1 ಡಿಗ್ರಿ ನಡೆಯುತ್ತಾನೆ, ಚಂದ್ರ ಸುಮಾರು 13 ಡಿಗ್ರಿ. ಇಬ್ಬರೂ ಒಂದೇ ಕಡೆ ಸೇರಿದ ಗಳಿಗೆ ಅಮಾವಾಸ್ಯೆಯ ಕೊನೆ. ಅಲ್ಲಿಂದ ಚಂದ್ರ 12 ಡಿಗ್ರಿ ಮುಂದೆ ಹೋಗುವವರೆಗೆ ಪಾಡ್ಯ. ಇನ್ನೊಂದು 12 ಡಿಗ್ರಿಗೆ ಬಿದಿಗೆ. ಹೀಗೆ 180 ಡಿಗ್ರಿ ಮುಟ್ಟಿದಾಗ ಹುಣ್ಣಿಮೆ ಮುಗಿಯುತ್ತದೆ. ಒಂದು ಸುತ್ತಿಗೆ ಒಟ್ಟು 30 ತಿಥಿ: ಚಂದ್ರ ಬೆಳೆಯುವ 15 ಶುದ್ಧ, ಕರಗುವ 15 ಬಹುಳ.

ಅಂದರೆ ತಿಥಿ ಎನ್ನುವುದು ಒಂದು ದೂರದ ಅಳತೆ. 24 ಗಂಟೆಯ ಲೆಕ್ಕ ಅದಕ್ಕೆ ಗೊತ್ತೇ ಇಲ್ಲ. ಚಂದ್ರನ ವೇಗವೂ ಯಾವಾಗಲೂ ಒಂದೇ ಸಮ ಇರುವುದಿಲ್ಲ. ಭೂಮಿಗೆ ಹತ್ತಿರ ಬಂದಾಗ ಜೋರಾಗಿ ಓಡುತ್ತಾನೆ, ದೂರ ಹೋದಾಗ ಸುಸ್ತು. ಅದಕ್ಕೇ ಒಂದು ತಿಥಿ ಸುಮಾರು 20 ಗಂಟೆಗೇ ಮುಗಿಯಬಹುದು, ಸುಮಾರು 27 ಗಂಟೆಯವರೆಗೂ ಎಳೆಯಬಹುದು. ಶುರುವಾಗುವುದೂ ಅಷ್ಟೇ. ಬೆಳಗ್ಗೆ 11ಕ್ಕೋ, ರಾತ್ರಿ 2ಕ್ಕೋ, ಅದರ ಇಷ್ಟ.

ಬೆಳಗ್ಗೆ ಕಂಡ ತಿಥಿಯೇ ದಿನದ ತಿಥಿ

ನಮ್ಮ ದಿನ ಸೂರ್ಯೋದಯದಿಂದ ಸೂರ್ಯೋದಯಕ್ಕೆ. ಹಾಗಾಗಿ ಸೂರ್ಯ ಹುಟ್ಟುವಾಗ ಯಾವ ತಿಥಿ ಇದೆಯೋ ಅದನ್ನೇ ಆ ದಿನಕ್ಕೆ ಹೆಸರಾಗಿ ಇಡುತ್ತಾರೆ. ಕ್ಯಾಲೆಂಡರಿನ ಚೌಕದಲ್ಲಿ ಅಚ್ಚಾಗುವುದು ಇದೇ.

ತೊಡಕು ಶುರುವಾಗುವುದೂ ಇಲ್ಲೇ. ಉದ್ದನೆಯ ತಿಥಿ ಎರಡು ಸೂರ್ಯೋದಯಗಳನ್ನು ಕಂಡುಬಿಟ್ಟರೆ ಎರಡು ದಿನಕ್ಕೂ ಒಂದೇ ಹೆಸರು. ಇದು ವೃದ್ಧಿ ತಿಥಿ. 2025ರ ನವರಾತ್ರಿಯಲ್ಲಿ ಹೀಗೇ ಒಂದು ತಿಥಿ ಎರಡು ದಿನ ನಿಂತಿತು. ಮೈಸೂರು ದಸರಾ ಸೆಪ್ಟೆಂಬರ್ 22ರಿಂದ ಅಕ್ಟೋಬರ್ 2ರವರೆಗೆ 11 ದಿನ ನಡೆದದ್ದು ಅದಕ್ಕೇ.

ಇದರ ಉಲ್ಟಾ ಕ್ಷಯ ತಿಥಿ. ಸೂರ್ಯ ಹುಟ್ಟಿದ ಮೇಲೆ ಶುರುವಾಗಿ, ಮರುದಿನ ಸೂರ್ಯ ಹುಟ್ಟುವ ಮೊದಲೇ ಮುಗಿದುಹೋಗುವ ತಿಥಿ. ಅದಕ್ಕೆ ತನ್ನದೇ ಅಂತ ಒಂದು ದಿನ ಸಿಗುವುದಿಲ್ಲ. 2026ರ ಯುಗಾದಿ ಪಾಡ್ಯಕ್ಕೆ ಆದದ್ದು ಇದೇ. ಬೆಂಗಳೂರಿನಲ್ಲಿ ಮಾರ್ಚ್ 19ರಂದು ಸೂರ್ಯ ಹುಟ್ಟಿದ್ದು 6.30ರ ಹೊತ್ತಿಗೆ. ಆಗ ಇನ್ನೂ ಅಮಾವಾಸ್ಯೆ. ಪಾಡ್ಯ ಶುರುವಾದದ್ದು 6.52ಕ್ಕೆ. ಮರುದಿನ ಬೆಳಗಿನ ಜಾವ ಐದು ಗಂಟೆಯೊಳಗೇ ಅದು ಮುಗಿಯಿತು. 20ರ ಸೂರ್ಯೋದಯಕ್ಕೆ ಆಗಲೇ ಬಿದಿಗೆ. ಪಾಡ್ಯ ಇದ್ದದ್ದು 19ರ ಹಗಲಿನಲ್ಲಿ ಮಾತ್ರ, ಆದ್ದರಿಂದ ಬೇವುಬೆಲ್ಲ ಅವತ್ತೇ. ಬೆಳಗ್ಗೆ ಅಮಾವಾಸ್ಯೆ ಇದ್ದರೂ ಹೊಸ ವರ್ಷ ಹೇಗೆ ಅಂತ ಕೇಳಿದವರಿಗೆ ಉತ್ತರ ಇಷ್ಟೇ.

ಒಂದೊಂದು ಹಬ್ಬಕ್ಕೆ ಒಂದೊಂದು ಹೊತ್ತು

ಎಲ್ಲ ಹಬ್ಬಕ್ಕೂ ಸೂರ್ಯೋದಯದ ತಿಥಿಯನ್ನೇ ನೋಡುತ್ತಾರೆ ಅಂದುಕೊಂಡರೆ ಲೆಕ್ಕ ತಪ್ಪುತ್ತದೆ. ಪೂಜೆ ಯಾವ ಹೊತ್ತಿಗೆ ನಡೆಯಬೇಕೋ ಆ ಹೊತ್ತಿಗೆ ತಿಥಿ ಇರಬೇಕು. ಮೂಲ ನಿಯಮ ಇದೇ. ಇದೊಂದು ಗೊತ್ತಿದ್ದರೆ ಅರ್ಧ ಗೊಂದಲ ಕಳೆದಹಾಗೆ.

ಶಿವರಾತ್ರಿಗೆ ಮಾಘ ಬಹುಳ ಚತುರ್ದಶಿ ನಡುರಾತ್ರಿ ಇರಬೇಕು. ಬೆಳಗ್ಗೆ ತ್ರಯೋದಶಿ ಇದ್ದರೂ ಪರವಾಗಿಲ್ಲ. ಕೃಷ್ಣ ಹುಟ್ಟಿದ್ದು ನಡುರಾತ್ರಿ, ಆದ್ದರಿಂದ ಅಷ್ಟಮಿಗೂ ಅದೇ ಹೊತ್ತನ್ನು ನೋಡುವವರು ಜಾಸ್ತಿ. ರಾಮನವಮಿಗೆ ಮಟಮಟ ಮಧ್ಯಾಹ್ನ. ವಿಜಯದಶಮಿಗೆ ಮಧ್ಯಾಹ್ನ ಕಳೆದ ಮೇಲಿನ ಹೊತ್ತು. ಪ್ರದೋಷಕ್ಕೆ ಸೂರ್ಯ ಮುಳುಗುವಾಗ ತ್ರಯೋದಶಿ ಇರಬೇಕು. ಸಂಕಷ್ಟಿಗೆ ಚಂದ್ರ ಮೂಡುವಾಗ ಬಹುಳ ಚೌತಿ ಇರಬೇಕು. ಅದಕ್ಕೇ ಕ್ಯಾಲೆಂಡರಿನಲ್ಲಿ ದಪ್ಪಕ್ಷರದಲ್ಲಿ ತದಿಗೆ ಅಂತಿದ್ದು, ಕೆಳಗೆ ಸಣ್ಣದಾಗಿ ಸಂಕಷ್ಟಿ ಅಂತ ಬರೆದಿರುತ್ತದೆ. ಅದು ಅಚ್ಚಿನ ದೋಷ ಅಲ್ಲ. ದಿನವಿಡೀ ಉಪವಾಸ ಇದ್ದು ಚಂದ್ರನನ್ನು ನೋಡಿಯೇ ಊಟ ಮಾಡುವ ವ್ರತ ಅದು. ಬೆಳಗಿನ ತಿಥಿ ಅಲ್ಲಿ ಲೆಕ್ಕಕ್ಕೇ ಬರುವುದಿಲ್ಲ.

ಈಗ ಗೌರಿ-ಗಣೇಶಕ್ಕೆ ಬರೋಣ. ಗೌರಿ ಹಬ್ಬ ಭಾದ್ರಪದ ಶುದ್ಧ ತದಿಗೆ. ಅದಕ್ಕೆ ಬೆಳಗ್ಗೆ ತದಿಗೆ ಇರಬೇಕು. ಗಣೇಶನಿಗೆ ಮಧ್ಯಾಹ್ನ ಚೌತಿ ಇರಬೇಕು. ಇಲ್ಲಿ ಮಧ್ಯಾಹ್ನ ಅಂದರೆ ಹಗಲನ್ನು ಐದು ಪಾಲು ಮಾಡಿದಾಗ ಬರುವ ನಡುವಿನ ಪಾಲು, ಹೆಚ್ಚುಕಡಿಮೆ 11ರಿಂದ 1.30. 2026ರಲ್ಲಿ ಚೌತಿ ಶುರುವಾಗುವುದು ಸೆಪ್ಟೆಂಬರ್ 14ರ ಬೆಳಗ್ಗೆ ಏಳು ದಾಟಿದ ಮೇಲೆ. ಮುಗಿಯುವುದು 15ರ ಬೆಳಗ್ಗೆ ಎಂಟರೊಳಗೆ. 15ಕ್ಕೆ ಸೂರ್ಯೋದಯದಲ್ಲಿ ಚೌತಿ ಇದೆ, ಮಧ್ಯಾಹ್ನ ಇಲ್ಲ. 14ಕ್ಕೆ ಮಧ್ಯಾಹ್ನ ಚೌತಿ ಇದೆ. ಅವತ್ತೇ ಸೂರ್ಯ ಹುಟ್ಟುವಾಗ ತದಿಗೆಯೂ ಇದೆ. ಹೀಗಾಗಿ ಎರಡೂ 14ಕ್ಕೇ ಬೀಳುತ್ತವೆ. ಗೌರಿ ತವರಿಗೆ ಬಂದ ಮರುದಿನ ಅವಳನ್ನು ಕರೆದೊಯ್ಯಲು ಮಗ ಬರುತ್ತಾನೆ ಅಂತ ನಮ್ಮ ಕಡೆ ಹೇಳುತ್ತಾರಲ್ಲ, ಈ ಸಲ ತಾಯಿ ಮಗ ಒಂದೇ ಬಸ್ಸಿಗೆ ಬಂದಿಳಿಯುತ್ತಾರೆ. ಮರದ ಬಾಗಿನ, ಕಡುಬು ಎರಡೂ ಒಂದೇ ದಿನ ಆಗಬೇಕಾದವರ ಕಷ್ಟ ಮಾತ್ರ ಯಾವ ಪಂಚಾಂಗದಲ್ಲೂ ಬರೆದಿರುವುದಿಲ್ಲ.

ದೀಪಾವಳಿಯ ಗೊಂದಲ ಇನ್ನೂ ಸೂಕ್ಷ್ಮ. ಅದರಲ್ಲಿ ಬೇರೆಬೇರೆ ಹೊತ್ತಿನ ಆಚರಣೆಗಳಿವೆ. ನರಕ ಚತುರ್ದಶಿಯ ಎಣ್ಣೆಸ್ನಾನಕ್ಕೆ ಬೆಳಗಿನ ಜಾವ. ಲಕ್ಷ್ಮೀಪೂಜೆಗೆ ಸಂಜೆ. ಬಲಿಪಾಡ್ಯಮಿಗೆ ಪಾಡ್ಯದ ಹಗಲು. 2025ರಲ್ಲಿ ಅಮಾವಾಸ್ಯೆ ಅಕ್ಟೋಬರ್ 20ರ ಮಧ್ಯಾಹ್ನ ಮೂರೂಮುಕ್ಕಾಲರ ಸುಮಾರಿಗೆ ಹಿಡಿದು, 21ರ ಸಂಜೆ ಆರಕ್ಕೆ ಐದಾರು ನಿಮಿಷ ಇರುವಾಗ ಬಿಟ್ಟಿತು. 20ರ ಸಂಜೆ ಪೂರ್ತಿ ಅಮಾವಾಸ್ಯೆ. 21ರ ಸಂಜೆ, ಸೂರ್ಯ ಮುಳುಗುವ ಹೊತ್ತಿಗೆ ಸರಿಯಾಗಿ ಅದು ಜಾರುತ್ತಿತ್ತು. ಕೆಲವು ಮಿನಿಟು ಇದ್ದರೂ ಸಾಕು, ಎರಡನೆಯ ದಿನವೇ ಸರಿ ಅಂತ ಒಂದು ಪಕ್ಷ. ಸಂಜೆಯಿಡೀ ಇರುವ ದಿನವೇ ಸರಿ ಅಂತ ಇನ್ನೊಂದು ಪಕ್ಷ. ಅಂಗಡಿಯವರು ಎರಡು ದಿನವೂ ಪೂಜೆ ಮಾಡಿದ್ದನ್ನು ನೀವೂ ನೋಡಿರಬಹುದು. 2026ರಲ್ಲಿ ಈ ತಂಟೆಯಿಲ್ಲ. ನವೆಂಬರ್ 8ರ ಜಾವ ಎಣ್ಣೆಸ್ನಾನ, ಅವತ್ತೇ ಸಂಜೆ ಲಕ್ಷ್ಮೀಪೂಜೆ, 10ಕ್ಕೆ ಬಲಿಪಾಡ್ಯಮಿ.

ವಾರಕ್ಕೆ ಗಂಟುಹಾಕಿದ ವ್ರತಗಳೂ ಇವೆ. ಶ್ರಾವಣದ ಹುಣ್ಣಿಮೆಗೆ ಹಿಂದಿನ ಶುಕ್ರವಾರ ವರಮಹಾಲಕ್ಷ್ಮಿ. ಶ್ರಾವಣ ಶನಿವಾರ, ಕಾರ್ತಿಕ ಸೋಮವಾರಗಳಿಗೆ ಮಾಸ ಮತ್ತು ವಾರ ಸಾಕು. ಕೆಲವಕ್ಕೆ ನಕ್ಷತ್ರ ಮುಖ್ಯ. ಕೊಡಗಿನ ಹುತ್ತರಿಗೆ ರೋಹಿಣಿ ನೋಡುತ್ತಾರೆ. ಋಗ್ವೇದದವರು ಶ್ರವಣ ನಕ್ಷತ್ರ ನೋಡಿ ಜನಿವಾರ ಬದಲಿಸಿದರೆ, ಯಜುರ್ವೇದದವರು ಹುಣ್ಣಿಮೆ ನೋಡುತ್ತಾರೆ. ಅಕ್ಕಪಕ್ಕದ ಮನೆಯವರ ಉಪಾಕರ್ಮ ಬೇರೆಬೇರೆ ದಿನ ಆಗುವುದು ಹೀಗೆ.

ಏಕಾದಶಿ: ಸ್ಮಾರ್ತರಿಗೆ ಇಂದು, ವೈಷ್ಣವರಿಗೆ ನಾಳೆ

ಉಪವಾಸದ ದಿನಗಳಲ್ಲಿ ಅತಿ ಹೆಚ್ಚು ಪ್ರಶ್ನೆ ಹುಟ್ಟುವುದು ಏಕಾದಶಿಗೆ. ತಿಂಗಳಿಗೆ ಎರಡರಂತೆ ವರ್ಷಕ್ಕೆ 24. ಅಧಿಕ ಮಾಸ ಬಂದ ವರ್ಷ 26.

ಸ್ಮಾರ್ತರು ಸಾಮಾನ್ಯವಾಗಿ ಸೂರ್ಯೋದಯಕ್ಕೆ ಏಕಾದಶಿ ಇರುವ ದಿನ ಉಪವಾಸ ಮಾಡುತ್ತಾರೆ. ಮಾಧ್ವರು ಮತ್ತು ಇತರ ವೈಷ್ಣವರಿಗೆ ಅಷ್ಟು ಸಾಲದು. ಏಕಾದಶಿಗೆ ದಶಮಿಯ ಸೋಂಕು ಇರಬಾರದು. ಸೋಂಕು ನೋಡುವುದು ಅರುಣೋದಯದಿಂದ, ಅಂದರೆ ಸೂರ್ಯೋದಯಕ್ಕೆ 4 ಗಳಿಗೆ ಮುಂಚಿನಿಂದ. ಒಂದು ಗಳಿಗೆಗೆ 24 ನಿಮಿಷ, ನಾಲ್ಕಕ್ಕೆ 96 ನಿಮಿಷ.

ಒಂದು ಲೆಕ್ಕ ನೋಡೋಣ. ಸೂರ್ಯೋದಯ 6.30ಕ್ಕೆ. ಆಗ ಅರುಣೋದಯ 4.54ಕ್ಕೆ. ದಶಮಿ 5.30ಕ್ಕೆ ಮುಗಿಯಿತು ಅನ್ನಿ. 6.30ಕ್ಕೆ ಏಕಾದಶಿ ಇದೆ, ಆದ್ದರಿಂದ ಸ್ಮಾರ್ತರ ಉಪವಾಸ ಇವತ್ತೇ. ಆದರೆ 4.54ಕ್ಕೆ ದಶಮಿ ಇನ್ನೂ ಇತ್ತು. ವೈಷ್ಣವರ ಪ್ರಕಾರ ಈ ಏಕಾದಶಿ ದಶಮೀವಿದ್ಧ. ಅವರ ಉಪವಾಸ ನಾಳೆಗೆ ಹೋಗುತ್ತದೆ. ದಶಮಿ 4.54ಕ್ಕಿಂತ ಮುಂಚೆಯೇ ಮುಗಿದಿದ್ದರೆ ಸಾಮಾನ್ಯವಾಗಿ ಇಬ್ಬರಿಗೂ ಒಂದೇ ದಿನ. ಆಕಾಶದ ಲೆಕ್ಕದಲ್ಲಿ ಇಬ್ಬರಿಗೂ ಭಿನ್ನಾಭಿಪ್ರಾಯವಿಲ್ಲ. ಗೆರೆ ಎಲ್ಲಿ ಎಳೆಯಬೇಕು ಅನ್ನುವುದರಲ್ಲಿ ಮಾತ್ರ ಬೇರೆ.

ಮರುದಿನ ದ್ವಾದಶಿಯಲ್ಲಿ ಪಾರಣೆ, ಅಂದರೆ ಉಪವಾಸ ಬಿಡುವ ಊಟ. ದ್ವಾದಶಿಯ ಮೊದಲ ಕಾಲುಭಾಗಕ್ಕೆ ಹರಿವಾಸರ ಅನ್ನುತ್ತಾರೆ. ಅದು ಕಳೆಯುವವರೆಗೂ ಊಟವಿಲ್ಲ. ಕೆಲವೊಮ್ಮೆ ದ್ವಾದಶಿಯೇ ಬೆಳಗ್ಗೆ ಬೇಗ ಮುಗಿದುಬಿಡುತ್ತದೆ. ಆಗ ಮಠಗಳಲ್ಲಿ ಸೂರ್ಯ ಹುಟ್ಟುತ್ತಿದ್ದಂತೆ ಎಲೆ ಹಾಕುವುದೂ ಉಂಟು.

ಉಪವಾಸ ಅಂದರೆ ಎಲ್ಲರಿಗೂ ಒಂದೇ ಅಲ್ಲ. ನೀರೂ ಕುಡಿಯದ ನಿರ್ಜಲ ಉಪವಾಸ ಒಂದು ತುದಿ. ಹಣ್ಣು ಹಾಲು ತೆಗೆದುಕೊಳ್ಳುವವರು ನಡುವೆ. ಅನ್ನ ಬಿಟ್ಟು ಅವಲಕ್ಕಿ, ಉಪ್ಪಿಟ್ಟು ತಿನ್ನುವವರು ಇನ್ನೊಂದು ತುದಿ. ಆ ಮನೆಗಳಲ್ಲಿ ಅವತ್ತು ರವೆ ಸ್ವಲ್ಪ ಜಾಸ್ತಿಯೇ ಖರ್ಚಾಗುತ್ತದೆ. ಮಕ್ಕಳಿಗೆ, ತೀರಾ ವಯಸ್ಸಾದವರಿಗೆ, ಕಾಯಿಲೆಯವರಿಗೆ ವಿನಾಯಿತಿ ಇದೆ. 8ರಿಂದ 80 ವರ್ಷದವರಿಗೆ ಉಪವಾಸ ಅಂತ ಹೇಳುವ ವಾಡಿಕೆ.

ದೀರ್ಘ ವ್ರತ ಅಂದರೆ ಚಾತುರ್ಮಾಸ್ಯ. ಆಷಾಢ ಶುದ್ಧ ಏಕಾದಶಿಯಿಂದ ಕಾರ್ತಿಕದ ಉತ್ಥಾನ ದ್ವಾದಶಿವರೆಗೆ ನಾಲ್ಕು ತಿಂಗಳು. ಮಾಧ್ವರ ಮನೆಗಳಲ್ಲಿ ತಿಂಗಳಿಗೊಂದು ಪಥ್ಯ: ಮೊದಲು ತರಕಾರಿ ಬಿಡುವ ಶಾಕವ್ರತ, ಆಮೇಲೆ ಮೊಸರು ಬಿಡುವ ದಧಿವ್ರತ, ಆಮೇಲೆ ಹಾಲು ಬಿಡುವ ಕ್ಷೀರವ್ರತ, ಕೊನೆಗೆ ಬೇಳೆಕಾಳು ಬಿಡುವ ದ್ವಿದಳ ವ್ರತ. ಕಾರ್ತಿಕದಲ್ಲಿ ಬೇಳೆ ಇಲ್ಲದ ಸಾರು ಮಾಡುವುದು ಒಂದು ಕಲೆಯೇ ಸರಿ.

ಅಧಿಕ ಮಾಸ ಯಾಕೆ ಬರುತ್ತದೆ?

ಅಮಾವಾಸ್ಯೆಯಿಂದ ಅಮಾವಾಸ್ಯೆಗೆ ಸುಮಾರು 29.5 ದಿನ. ಹನ್ನೆರಡು ಸಲ ಆದರೆ 354 ದಿನ. ಸೂರ್ಯನ ವರ್ಷಕ್ಕೆ 365 ದಿನ ಬೇಕು. ಪ್ರತಿ ವರ್ಷ 11 ದಿನ ಕೊರತೆ. ಅದಕ್ಕೇ ಹಬ್ಬಗಳು ವರ್ಷವರ್ಷ ಸುಮಾರು 11 ದಿನ ಹಿಂದಕ್ಕೆ ಸರಿಯುತ್ತವೆ. ಹಾಗೇ ಬಿಟ್ಟರೆ ಏನಾಗುತ್ತದೆ ಅಂತ ತಿಳಿಯಲು ರಂಜಾನ್ ನೋಡಿ. ಇಸ್ಲಾಮಿನ ಲೆಕ್ಕ ಪೂರ್ತಿ ಚಂದ್ರನದು, ಆದ್ದರಿಂದ ರಂಜಾನ್ ಬೇಸಿಗೆ, ಮಳೆ, ಚಳಿ ಎಲ್ಲ ಕಾಲದಲ್ಲೂ ಸುತ್ತುತ್ತದೆ. ನಮ್ಮ ಹಬ್ಬಗಳು ಚಂದ್ರನ ಹಿಂದೆ ಹೋದರೂ ಕಾಲಕ್ಕೆ ಕಟ್ಟುಬಿದ್ದಿವೆ. ಯುಗಾದಿಗೆ ಮಾವು ಚಿಗುರಬೇಕು, ಬೇವು ಹೂಬಿಡಬೇಕು. ಆದ್ದರಿಂದ ಸರಾಸರಿ 32-33 ತಿಂಗಳಿಗೊಮ್ಮೆ ಒಂದು ತಿಂಗಳು ಸೇರಿಸಿ ಕೊರತೆ ತುಂಬುತ್ತಾರೆ. 19 ವರ್ಷಕ್ಕೆ 7 ಸಲ.

ಯಾವ ತಿಂಗಳನ್ನು ಸೇರಿಸಬೇಕು ಅಂತ ಯಾರೂ ಕೂತು ತೀರ್ಮಾನಿಸುವುದಿಲ್ಲ. ಸೂರ್ಯ ಒಂದು ರಾಶಿಯಿಂದ ಇನ್ನೊಂದಕ್ಕೆ ಹೋಗುವುದು ಸಂಕ್ರಾಂತಿ. ಪ್ರತಿ ಚಾಂದ್ರಮಾಸದಲ್ಲಿ ಒಂದು ಸಂಕ್ರಾಂತಿ ಇರಬೇಕು. ಇಲ್ಲದ ತಿಂಗಳು ಅಧಿಕ. 2026ರಲ್ಲಿ ನೋಡಿ. ಸೂರ್ಯ ವೃಷಭಕ್ಕೆ ಹೋದದ್ದು ಮೇ 15ಕ್ಕೆ. ಹೊಸ ತಿಂಗಳು ಶುರುವಾದದ್ದು ಮೇ 17ಕ್ಕೆ. ಆ ತಿಂಗಳು ಮುಗಿದದ್ದು ಜೂನ್ 15ರ ಬೆಳಗ್ಗೆ ಎಂಟೂವರೆಯ ಹೊತ್ತಿಗೆ. ಸೂರ್ಯ ಮಿಥುನಕ್ಕೆ ಕಾಲಿಟ್ಟದ್ದು ಅದೇ ದಿನ ಮಧ್ಯಾಹ್ನ. ಕೆಲವೇ ಗಂಟೆಗಳ ಅಂತರದಲ್ಲಿ ಒಂದು ಸಂಕ್ರಾಂತಿ ತಪ್ಪಿಹೋಗಿ, ಇಡೀ ತಿಂಗಳು ಅಧಿಕ ಜ್ಯೇಷ್ಠ ಆಯಿತು. ಅದರ ಮುಂದಿನದು ನಿಜ ಜ್ಯೇಷ್ಠ.

ಇದಕ್ಕೆ ಹಿಂದಿನದು 2023ರ ಅಧಿಕ ಶ್ರಾವಣ. ಮುಂದಿನದು 2029ರ ಅಧಿಕ ಚೈತ್ರ. ಬೇಸಿಗೆ, ಮಳೆಗಾಲದ ತಿಂಗಳುಗಳಿಗೇ ಇದು ಹೆಚ್ಚಾಗಿ ಬರುತ್ತದೆ. ಆ ಕಾಲದಲ್ಲಿ ಭೂಮಿ ಸೂರ್ಯನಿಂದ ದೂರ ಇರುವುದರಿಂದ ನಮಗೆ ಸೂರ್ಯನ ನಡಿಗೆ ನಿಧಾನ ಕಾಣುತ್ತದೆ. ಮಿಥುನ ರಾಶಿ ದಾಟಲು 31 ದಿನಕ್ಕಿಂತ ಜಾಸ್ತಿ, ಧನು ದಾಟಲು 29 ದಿನ ಮತ್ತೆ ಕೆಲವು ಗಂಟೆ ಸಾಕು. ಚಳಿಗಾಲದಲ್ಲಿ ಅಪರೂಪಕ್ಕೆ ಒಂದೇ ತಿಂಗಳಲ್ಲಿ ಎರಡು ಸಂಕ್ರಾಂತಿ ಬಂದು ತಿಂಗಳೇ ಲೋಪವಾಗುತ್ತದೆ. ಅದು ಕ್ಷಯ ಮಾಸ. ಕೊನೆಯ ಸಲ ಬಂದದ್ದು 1982-83ರಲ್ಲಿ.

ಅಧಿಕ ಮಾಸದಲ್ಲಿ ಮದುವೆ, ಮುಂಜಿ, ಗೃಹಪ್ರವೇಶ ಇಟ್ಟುಕೊಳ್ಳುವುದಿಲ್ಲ. ಮಾಮೂಲಿ ಹಬ್ಬಗಳು ನಿಜ ಮಾಸಕ್ಕೆ. ದಾನಕ್ಕೆ ಮಾತ್ರ ಇದು ಒಳ್ಳೆಯ ಕಾಲ ಅನ್ನುವ ನಂಬಿಕೆ. ಮಗಳು ಅಳಿಯನನ್ನು ಕರೆದು 33 ಅಪೂಪ (ಕರಿದ ಸಿಹಿತಿಂಡಿ) ಕೊಡುವ ಪದ್ಧತಿ ಅನೇಕ ಮನೆಗಳಲ್ಲಿದೆ.

ಚಂದ್ರನನ್ನು ಕೇಳದ ಹಬ್ಬಗಳು

ಮಕರ ಸಂಕ್ರಾಂತಿ ಸೂರ್ಯನದು. ಅದಕ್ಕೇ ಅದು ಜನವರಿ 14 ಅಥವಾ 15 ಬಿಟ್ಟು ಸದ್ಯಕ್ಕೆ ಅಲ್ಲಾಡುವುದಿಲ್ಲ. ನಿಧಾನಕ್ಕೆ ಮುಂದಕ್ಕೆ ಸರಿಯುತ್ತಿದೆ, ಸುಮಾರು 70 ವರ್ಷಕ್ಕೆ ಒಂದು ದಿನ. ರಾಶಿ ಲೆಕ್ಕದ ವರ್ಷ ಋತು ಲೆಕ್ಕದ ವರ್ಷಕ್ಕಿಂತ 20 ನಿಮಿಷದಷ್ಟು ಉದ್ದ ಇರುವುದೇ ಕಾರಣ. ತುಳುನಾಡಿನ ಬಿಸು, ತಲಕಾವೇರಿಯ ತೀರ್ಥೋದ್ಭವವೂ ಸಂಕ್ರಮಣದ ದಿನಗಳೇ.

ಎರಡನ್ನೂ ಕೂಡಿಸಿದ ಹಬ್ಬ ವೈಕುಂಠ ಏಕಾದಶಿ. ಸೂರ್ಯ ಧನುವಿನಲ್ಲಿರುವಾಗ ಬರುವ ಶುದ್ಧ ಏಕಾದಶಿ ಅದು. ಹಾಗಾಗಿ ಒಂದು ಇಂಗ್ಲಿಷ್ ವರ್ಷದಲ್ಲಿ ಎರಡು ಸಲ ಬರಬಹುದು, ಒಮ್ಮೆಯೂ ಬರದೆ ಇರಬಹುದು. 2025ರಲ್ಲಿ ಜನವರಿ 10ಕ್ಕೂ ಬಂತು, ಡಿಸೆಂಬರ್ 30ಕ್ಕೂ ಬಂತು.

ಉಡುಪಿಯ ಕೃಷ್ಣಾಷ್ಟಮಿಯೂ ಹೀಗೆ. ಅಲ್ಲಿ ನೋಡುವುದು ಸೂರ್ಯನ ಸಿಂಹ ಮಾಸ. 2025ರಲ್ಲಿ ಶ್ರಾವಣದ ಅಷ್ಟಮಿ ಆಗಸ್ಟ್ 16ಕ್ಕೇ ಬಂತು. ಸೂರ್ಯ ಸಿಂಹಕ್ಕೆ ಹೋದದ್ದು ಮರುದಿನ. ಹಾಗಾಗಿ ಉಡುಪಿಯಲ್ಲಿ ಸುಮಾರು ಒಂದು ತಿಂಗಳು ಕಾದು, ಸೆಪ್ಟೆಂಬರ್ 14ಕ್ಕೆ ಅಷ್ಟಮಿ, 15ಕ್ಕೆ ಮೊಸರುಕುಡಿಕೆಯ ವಿಟ್ಲಪಿಂಡಿ.

ದೆಹಲಿಯವರ ಶ್ರಾವಣ 15 ದಿನ ಮುಂಚೆ

ನಮ್ಮಲ್ಲಿ ತಿಂಗಳು ಮುಗಿಯುವುದು ಅಮಾವಾಸ್ಯೆಗೆ. ಆಂಧ್ರ, ತೆಲಂಗಾಣ, ಮಹಾರಾಷ್ಟ್ರ, ಗುಜರಾತಿನಲ್ಲೂ ಹೀಗೇ. ಉತ್ತರದ ಹಲವು ರಾಜ್ಯಗಳಲ್ಲಿ ಹುಣ್ಣಿಮೆಗೆ ಮುಗಿಯುತ್ತದೆ. ಶುದ್ಧ ಪಕ್ಷದ ಹೆಸರು ಇಬ್ಬರಿಗೂ ಒಂದೇ, ಬಹುಳದ ಹೆಸರು ಬೇರೆ. ನಮ್ಮ ಶ್ರಾವಣ ಬಹುಳ ಅಷ್ಟಮಿ ಅವರಿಗೆ ಭಾದ್ರಪದದ್ದು. ಹಬ್ಬದ ದಿನ ಮಾತ್ರ ಒಂದೇ. ಆದರೆ ಮಾಸ ನೋಡಿ ಮಾಡುವ ವ್ರತಗಳಲ್ಲಿ ವ್ಯತ್ಯಾಸ ಎದ್ದು ಕಾಣುತ್ತದೆ. ಆಫೀಸಿನಲ್ಲಿ ಉತ್ತರದ ಸಹೋದ್ಯೋಗಿ ಶ್ರಾವಣ ಸೋಮವಾರದ ಉಪವಾಸ ಶುರುಮಾಡಿದಾಗ ನಮಗಿನ್ನೂ ಆಷಾಢ.

ಯಾವ ಪಂಚಾಂಗ, ಯಾವ ಊರು?

ಲೆಕ್ಕ ಹಾಕುವ ದಾರಿಯೂ ಒಂದೇ ಇಲ್ಲ. ಆಕಾಶದಲ್ಲಿ ಈಗ ಕಾಣುವ ಚಂದ್ರ ಸೂರ್ಯರ ಸ್ಥಾನ ಹಿಡಿಯುವುದು ದೃಗ್ಗಣಿತ. ಸೂರ್ಯಸಿದ್ಧಾಂತದ ಹಳೆಯ ಸೂತ್ರಗಳನ್ನೇ ಪಾಲಿಸುವ ಪಂಚಾಂಗಗಳೂ ಇವೆ. ಉತ್ತರಾದಿ ಮಠದ ಪಂಚಾಂಗ ಅಂಥದ್ದು. ಎರಡರ ನಡುವೆ ತಿಥಿ ಮುಗಿಯುವ ಸಮಯದಲ್ಲಿ ಗಂಟೆಗಳ ವ್ಯತ್ಯಾಸ ಬರಬಹುದು. ತಿಥಿ ನಡುಹಗಲು ಮುಗಿದರೆ ಯಾರಿಗೂ ಗೊತ್ತಾಗುವುದಿಲ್ಲ. ಸೂರ್ಯೋದಯದ ಹತ್ತಿರ ಮುಗಿದರೆ ದಿನವೇ ಬದಲಾಗುತ್ತದೆ. ದೇಶದ ಪಂಚಾಂಗಗಳನ್ನು ಒಂದು ದಾರಿಗೆ ತರಲು 1952ರಲ್ಲಿ ವಿಜ್ಞಾನಿ ಮೇಘನಾದ ಸಹಾ ಅಧ್ಯಕ್ಷತೆಯಲ್ಲಿ ಸಮಿತಿ ರಚನೆಯಾಯಿತು. ಅದರ ಶಿಫಾರಸಿನ ಮೇಲೆ 1957ರ ಮಾರ್ಚ್ 22ರಿಂದ ರಾಷ್ಟ್ರೀಯ ಪಂಚಾಂಗ ಜಾರಿಗೆ ಬಂತು. ಸರ್ಕಾರಿ ಗೆಜೆಟ್ಟಿನಲ್ಲಿ ಶಕ ವರ್ಷದ ತಾರೀಖು ಬರುವುದು ಹೀಗೆ. ಮನೆ, ಮಠಗಳು ಮಾತ್ರ ತಮ್ಮ ತಮ್ಮ ಪಂಚಾಂಗ ಬಿಡಲಿಲ್ಲ. ಅದಕ್ಕೇ ಅನುಮಾನ ಬಂದಾಗ ಮೊದಲು ಕೇಳಬೇಕಾದ್ದು, ಈ ಮನೆಯಲ್ಲಿ ಯಾವ ಪಂಚಾಂಗ ನೋಡುತ್ತಾರೆ ಅಂತ.

ಊರೂ ಮುಖ್ಯ. ತಿಥಿ ಶುರುವಾಗುವ ಗಳಿಗೆ ಇಡೀ ಜಗತ್ತಿಗೆ ಒಂದೇ. ಆದರೆ ಸೂರ್ಯೋದಯ ಊರಿಗೊಂದು. ಬೆಂಗಳೂರಿನ ಪಂಚಾಂಗದ ಫೋಟೋ ತರಿಸಿಕೊಂಡು ಅಮೆರಿಕದಲ್ಲಿ ಹಬ್ಬ ಮಾಡುವ ಕನ್ನಡಿಗರಿಗೆ ಇದು ಆಗಾಗ ಎಡವಟ್ಟು ಮಾಡುತ್ತದೆ. ಬೆಂಗಳೂರಿನಲ್ಲಿ ಒಂದೂ ಸೂರ್ಯೋದಯ ಸಿಗದೆ ಹೋದ 2026ರ ಯುಗಾದಿ ಪಾಡ್ಯವನ್ನೇ ನೋಡಿ. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಅದು ಮಾರ್ಚ್ 18ರ ಸಂಜೆ ಆರು ದಾಟಿದ ಮೇಲೆ ಶುರುವಾಗಿ, 19ರ ಸಂಜೆ ನಾಲ್ಕರ ನಂತರ ಮುಗಿಯಿತು. 19ರ ಬೆಳಗ್ಗೆ ಅಲ್ಲಿ ಸೂರ್ಯ ಹುಟ್ಟಿದ್ದೇ ಪಾಡ್ಯದಲ್ಲಿ. ಕ್ಷಯದ ಪ್ರಶ್ನೆಯೇ ಬರಲಿಲ್ಲ. ಈ ಸಲ ಎರಡೂ ಕಡೆ ತಾರೀಖು 19 ಅಂತಲೇ ಬಂತು. ಬೇರೆ ಹಬ್ಬಗಳಲ್ಲಿ ಅಲ್ಲಿನವರಿಗೆ ಒಂದು ದಿನ ಮುಂಚೆ ಬರುವುದು ಸಾಮಾನ್ಯ. ಈಗ ಮೊಬೈಲಿನ ಪಂಚಾಂಗಗಳಲ್ಲಿ ಊರು ಆರಿಸುವ ಸೌಲಭ್ಯ ಇದೆ. ಅಲ್ಲಿ ಬೆಂಗಳೂರು ಅಂತಲೇ ಬಿಟ್ಟಿದ್ದರೆ ಮೊದಲು ಅದನ್ನು ಬದಲಿಸಿ.